ಸಂಪಾದಕರ ಉತ್ತರ: ಹನ್ನೊಂದು ಜನ, ಒಂದು ಮೀಟರು

ಕೊಡಗಿನ ನಾಪೋಕ್ಲು ಕಡೆಯಿಂದ ಓದುಗರೊಬ್ಬರು ಬರೆದಿದ್ದಾರೆ, ಹೆಸರು ಹಾಕಬೇಡಿ ಅಂತ ಕೇಳ್ಕೊಂಡಿದ್ದಾರೆ, ಹಾಕಲ್ಲ. ಮನೆಯಲ್ಲಿ ಹನ್ನೊಂದು ಜನ. ಗೃಹಜ್ಯೋತಿ ಬಂದಾಗಿನಿಂದ ಕರೆಂಟ್ ಬಿಲ್ ಸೊನ್ನೆ, ಇಲ್ಲಾಂದ್ರೆ ನೂರರ ಒಳಗೆ. ಜೂನ್‌ನಲ್ಲಿ 195 ಯೂನಿಟ್, ಜುಲೈಯಲ್ಲಿ ಏಕ್‌ದಂ 268, ಬಿಲ್ಲು ಎರಡು ಸಾವಿರದ ಇನ್ನೂರು ದಾಟಿದೆ. ಪತ್ರ ಬರೆದವರು ಮನೆಯಿಂದ್ಲೇ ಲ್ಯಾಪ್‌ಟಾಪ್‌ನಲ್ಲಿ ಕೆಲಸ ಮಾಡೋ ಸೊಸೆ. "ದಿನಾ ಬೆಳಗ್ಗೆಯಿಂದ ಸಂಜೆ ತನಕ ಅದು ಉರೀತಾನೇ ಇರುತ್ತೆ, ಬಿಲ್ ಬರದೆ ಇನ್ನೇನು" ಅಂತ ಅತ್ತೆ ಊಟದ ಹೊತ್ತಲ್ಲಿ ಎಲ್ಲರೆದುರು ಅಂದ್ರಂತೆ. ಆಮೇಲಿಂದ ಇವರು ಲೈಟ್ ಹಾಕ್ದೆ ಕಿಟಕಿ ಹತ್ರ ಕೂತು ಕೆಲಸ ಮಾಡ್ತಿದ್ದಾರೆ. ಭಾವ ಬೇರೆ ಮೀಟರ್ ಹಾಕಿಸೋಣ ಅಂತಿದ್ದಾರೆ. ಏನು ಮಾಡ್ಲಿ ಅಂತ ಕೇಳಿದ್ದಾರೆ.

ತಂಗಿ,

ಮೊದಲು ಲೈಟ್ ಹಾಕ್ಕೊಂಡು ಕೆಲಸ ಮಾಡಿ. ಜುಲೈ-ಆಗಸ್ಟ್‌ನ ಕಕ್ಕಡ ಮಳೆಯಲ್ಲಿ ಹಗಲು ಹನ್ನೆರಡಕ್ಕೇ ಕತ್ತಲೆ ಇರುತ್ತೆ ನಮ್ಮಲ್ಲಿ, ಆ ಬೆಳಕಲ್ಲಿ ಕಣ್ಣು ಹಾಳು ಮಾಡ್ಕೋಬೇಡಿ. 9 ವ್ಯಾಟ್‌ನ ಎಲ್ಇಡಿ ಬಲ್ಬು ನೂರು ಗಂಟೆ ಉರಿದ್ರೂ ಒಂದು ಯೂನಿಟ್ ಆಗಲ್ಲ.

ನಿಮ್ಮ ಪತ್ರ ಎರಡು ಸಲ ಓದಿದೆ. ಎರಡನೇ ಪುಟದಲ್ಲಿ ಒಂದು ಸಾಲು ಇದೆ, ಅದನ್ನ ನೀವು ಹಾಗೇ ಹೋಗ್ತಾ ಬರೆದಿದ್ದೀರಿ, ಆದ್ರೆ ನನಗೆ ಉತ್ತರ ಅಲ್ಲೇ ಸಿಕ್ತು. "ಜೂನ್ ಕೊನೆಗೆ ಬಚ್ಚಲಮನೆ ರಿಪೇರಿ ಮಾಡಿಸಿ ಟೈಲ್ಸ್ ಹಾಕಿದ್ವಿ, ಹಳೇ ಒಲೆ ತೆಗೆಸಿದ್ವಿ" ಅಂತ. ಅದಕ್ಕೂ ಮೊದಲು ಸ್ಕೂಲಿಗೆ, ಆಫೀಸಿಗೆ ಹೋಗೋರು ಬೆಳಗ್ಗೆ ಗೀಸರ್‌ನಲ್ಲಿ ಸ್ನಾನ ಮಾಡ್ತಿದ್ರು, ಅಜ್ಜಿ, ಅತ್ತೆ, ಮಾವ, ತೋಟದಿಂದ ಬರೋ ಭಾವ ಈ ನಾಲ್ಕು ಜನ ಸಂಜೆ ಹಂಡೆ ನೀರಲ್ಲಿ. ಈಗ ಎಲ್ರೂ ಗೀಸರ್.

ಸ್ವಲ್ಪ ಲೆಕ್ಕ ಮಾಡೋಣ ಬನ್ನಿ, ಕಷ್ಟದ್ದೇನಲ್ಲ. ಒಂದು ಲೀಟರ್ ನೀರನ್ನ ಒಂದು ಡಿಗ್ರಿ ಬಿಸಿ ಮಾಡೋಕೆ ಸುಮಾರು 1.16 ವ್ಯಾಟ್-ಅವರ್ ಬೇಕು, ಅದು ಯಾವ ಕಂಪನಿ ಗೀಸರ್ ಆದ್ರೂ ಅಷ್ಟೇ, ಎಷ್ಟು ಸ್ಟಾರ್ ಇದ್ರೂ ಅಷ್ಟೇ, ಹೀಟರ್ ಕಾಯಿಲ್ ಬಕೆಟ್‌ಗೆ ಇಟ್ರೂ ಅಷ್ಟೇ. ಮಳೆಗಾಲದಲ್ಲಿ ನಮ್ಮ ಟ್ಯಾಂಕ್ ನೀರು 20 ಡಿಗ್ರಿ ಅಂತ ಇಟ್ಕೊಳಿ, ಮೈಗೆ ಹಾಕ್ಕೊಳೋ ಹಾಗೆ 45 ಆಗ್ಬೇಕು. ಇಪ್ಪತ್ತು ಲೀಟರಿನ ಒಂದು ಬಕೆಟ್‌ಗೆ ಅರ್ಧ ಯೂನಿಟ್‌ಗಿಂತ ಸ್ವಲ್ಪ ಜಾಸ್ತಿ, 0.58. ಒಬ್ಬರಿಗೆ ದಿನಾ ಒಂದೇ ಬಕೆಟ್ ಅಂದ್ರೂ ತಿಂಗಳಿಗೆ ಹದಿನೇಳು ಯೂನಿಟ್ ಮೇಲೆ. ನಾಲ್ಕು ಜನಕ್ಕೆ ಎಪ್ಪತ್ತು. 268ರಲ್ಲಿ 195 ಕಳೀರಿ, ಉಳಿಯೋದು 73. ಒಲೆ ಕಿತ್ತಿದ್ದೇ ಬಿಲ್ಲಾಗಿ ಬಂದಿದೆ ತಂಗಿ, ಬೇರೇನೂ ಅಲ್ಲ.

ಇನ್ನು ನಿಮ್ಮ ಲ್ಯಾಪ್‌ಟಾಪು. 60 ವ್ಯಾಟ್ ಅಂದ್ಕೊಳಿ, ದಿನಕ್ಕೆ ಎಂಟು ಗಂಟೆ, ತಿಂಗಳಿಗೆ ಇಪ್ಪತ್ತೈದು ದಿನ, ಎಲ್ಲಾ ಸೇರಿ ಹನ್ನೆರಡು ಯೂನಿಟ್. ಮನೆಯಲ್ಲಿ ಒಬ್ಬರ ಸ್ನಾನಕ್ಕಿಂತ ಕಮ್ಮಿ. ಅದೂ ನೀವು ಜೂನ್‌ನಲ್ಲೂ ಇದೇ ಕೆಲಸ ಮಾಡ್ತಿದ್ರಿ, ಜುಲೈಯಲ್ಲಿ ಹೊಸದಾಗಿ ಶುರು ಮಾಡಿದ್ದಲ್ಲ.

ಆದ್ರೆ ಈ ಲೆಕ್ಕ ಹಿಡ್ಕೊಂಡು ಹೋಗಿ ಅತ್ತೆ ಎದುರು ಓದಬೇಡಿ, ಜಗಳ ಇನ್ನೊಂದು ಸುತ್ತು ಬರುತ್ತೆ. ಮೀಟರ್ ಹತ್ರ ಕರ್ಕೊಂಡು ಹೋಗಿ. ನಮ್ಮನೆಯಲ್ಲಿ ಒಂಬತ್ತು ಜನ, ನಮಗೂ ಇದೇ ಗಲಾಟೆ ಆಗಿತ್ತು, ಅವಾಗ ಸುಳ್ಯದಿಂದ ಬಂದಿದ್ದ ನನ್ನ ತಮ್ಮ ಹೇಳ್ಕೊಟ್ಟಿದ್ದು ಇದು. ಮೀಟರ್ ಮುಖದ ಮೇಲೆ ಒಂದು ಸಣ್ಣ ಕೆಂಪು ಲೈಟ್ ಮಿಟುಕ್ತಾ ಇರುತ್ತೆ, ಪಕ್ಕದಲ್ಲಿ 3200 ಅಂತಲೋ 1600 ಅಂತಲೋ ಬರೆದಿರುತ್ತೆ, ಅಷ್ಟು ಸಲ ಮಿಟುಕಿದ್ರೆ ಒಂದು ಯೂನಿಟ್ ಅಂತ ಅರ್ಥ. ನಮ್ಮದು 3200ರದ್ದು. ಮನೆಯಲ್ಲಿ ಎಲ್ಲಾ ಆಫ್ ಮಾಡಿ, ಫ್ರಿಜ್ ಪ್ಲಗ್ ತೆಗೆದು, ಇನ್ವರ್ಟರ್ ಕೂಡ ಆಫ್ ಮಾಡಿ, ನಡುಮನೆಯ ಒಂದು ಬಲ್ಬ್ ಮಾತ್ರ ಹಾಕಿದ್ವಿ. ನಮ್ಮ ಅತ್ತೆ ಶಾಲು ಹೊದ್ಕೊಂಡು ಬಂದು ನಿಂತ್ರು, ನಾನು ಟಾರ್ಚ್ ಹಿಡ್ಕೊಂಡಿದ್ದೆ. ಒಂದು ಸಲ ಮಿಟುಕ್ತು, ಆಮೇಲೆ ಕಾದ್ವಿ, ಕಾದ್ವಿ, ಎರಡು ನಿಮಿಷ ಆದ್ಮೇಲೆ ಇನ್ನೊಂದು ಸಲ. "ಮೀಟರ್ ಕೆಟ್ಟಿದ್ಯಾ" ಅಂತ ಅತ್ತೆ ಕೇಳಿದ್ರು. ಆಮೇಲೆ ಮಗಳಿಗೆ ಗೀಸರ್ ಹಾಕು ಅಂತ ಕೂಗಿದೆ ನೋಡಿ, ಆ ಲೈಟು ಪಟಪಟ ಅಂತ ಸೆಕೆಂಡಿಗೆ ಹತ್ತಿರ ಹತ್ತಿರ ಎರಡು ಸಲ ಹೊಡ್ಕೊಳೋಕೆ ಶುರು ಆಯ್ತು. ಅತ್ತೆ ಏನೂ ಮಾತಾಡ್ಲಿಲ್ಲ, ಸ್ವಲ್ಪ ಹೊತ್ತು ನೋಡಿ ಒಳಗೆ ಹೋದ್ರು. ಮಾರನೇ ದಿನದಿಂದ ನಮ್ಮನೆಯಲ್ಲಿ ಬಾತ್‌ರೂಮ್ ಹೊರಗಿನ ಆ ಸ್ವಿಚ್ ಯಾರು ಮರ್ತ್ರೂ ಆಫ್ ಮಾಡೋರು ಅವರೇ.

ಹೀಗೆ ಮಾಡಿದ್ರಲ್ಲಿ ಇನ್ನೊಂದು ಲಾಭ ಇದೆ. ಎಲ್ಲಾ ಸ್ವಿಚ್ ಆಫ್ ಮಾಡಿ ಪ್ಲಗ್‌ಗಳನ್ನೂ ತೆಗೆದ ಮೇಲೂ ಆ ಕೆಂಪು ಲೈಟ್ ಮಿಟುಕ್ತಾನೇ ಇದ್ರೆ ಎಲ್ಲೋ ಕರೆಂಟ್ ಲೀಕ್ ಆಗ್ತಾ ಇರಬಹುದು ಅಂತ ಅರ್ಥ. ಹಳೇ ಮನೆ, ಗೋಡೆ ನೆನೆದಿರುತ್ತೆ, ವೈರಿಂಗ್ ಯಾವ ಕಾಲದ್ದೋ. ಆಗ ತಡ ಮಾಡಬೇಡಿ, ಎಲೆಕ್ಟ್ರಿಷಿಯನ್ ಕರೆಸಿ. ಇದು ದುಡ್ಡಿನ ವಿಷಯ ಮಾತ್ರ ಅಲ್ಲ, ಒದ್ದೆ ಗೋಡೆ ಮುಟ್ಟಿದ್ರೆ ಜೀವ ಹೋಗುತ್ತೆ.

ಈಗ ಬಿಲ್ಲಿನ ವಿಷಯ, ಯಾಕಂದ್ರೆ ನಿಮ್ಮನೆಯವರು ಯಾರಿಗೂ ಇದು ಸರಿಯಾಗಿ ಗೊತ್ತಿಲ್ಲ ಅಂತ ಪತ್ರ ನೋಡಿದ್ರೆ ಅನ್ಸುತ್ತೆ. ಗೃಹಜ್ಯೋತಿ ಅಂದ್ರೆ ಎಲ್ರಿಗೂ 200 ಯೂನಿಟ್ ಫ್ರೀ ಅಂತ ಅಲ್ಲ. 2022-23ರಲ್ಲಿ ನಿಮ್ಮ ತಿಂಗಳ ಸರಾಸರಿ ಎಷ್ಟಿತ್ತೋ ಅದಕ್ಕೆ ಹತ್ತು ಪರ್ಸೆಂಟ್ ಸೇರಿಸಿ ಅಷ್ಟು ಫ್ರೀ. ನಿಮ್ಮದು 165 ಅಂತ ಬರೆದಿದ್ದೀರಿ, ಹಾಗಾದ್ರೆ 181ರ ಹತ್ತಿರ. ಅದರ ಮೇಲೆ 200ರ ತನಕ ಎಷ್ಟು ಹೋಗುತ್ತೋ ಅಷ್ಟಕ್ಕೆ ಮಾತ್ರ ದುಡ್ಡು, ಅದಕ್ಕೇ ಜೂನ್‌ನಲ್ಲಿ ನೂರರ ಒಳಗೆ ಬಂತು. ಆದ್ರೆ 200 ದಾಟಿದ್ರೋ, ಆ ತಿಂಗಳು ಫ್ರೀ ಅನ್ನೋದೇ ಇಲ್ಲ, ಮೊದಲನೇ ಯೂನಿಟ್‌ನಿಂದ ಕಟ್ಟಬೇಕು. 2025-26ರ ರೇಟ್ ಪ್ರಕಾರ ಯೂನಿಟ್‌ಗೆ 5 ರೂಪಾಯಿ 80 ಪೈಸೆ, ವಿದ್ಯುತ್ ನೌಕರರ ಪೆನ್ಷನ್ ಸರ್‌ಚಾರ್ಜ್ ಅಂತ 36 ಪೈಸೆ, ಫಿಕ್ಸೆಡ್ ಚಾರ್ಜ್ ಕಿಲೋವ್ಯಾಟ್‌ಗೆ 145 ರೂಪಾಯಿ, ಮೇಲೆ ಟ್ಯಾಕ್ಸ್. ನಿಮ್ಮ ಮನೆಗೆ ಮಂಜೂರಾದ ಲೋಡ್ ಮೂರು ಕಿಲೋವ್ಯಾಟ್, ಎಲ್ಲಾ ಕೂಡಿ ನೋಡಿ, ನಿಮ್ಮ ಬಿಲ್ಲಿಗೆ ಸರಿಹೋಗುತ್ತೆ. ಅಂದ್ರೆ ನೀವು ಹಿಡಿಯಬೇಕಾಗಿರೋದು 200 ಅನ್ನೋ ಗೆರೆ. 199ಕ್ಕೂ 201ಕ್ಕೂ ಎರಡು ಯೂನಿಟ್ ವ್ಯತ್ಯಾಸ, ಕೈಯಿಂದ ಹೋಗೋ ದುಡ್ಡು ಸಾವಿರದ ಮೇಲೆ. ಹಾಗಾಗಿ ತಿಂಗಳ ಕೊನೆಗೆ ಬಿಲ್ ನೋಡಿ ಹೌಹಾರೋದು ಬಿಟ್ಟು ಪ್ರತಿ ಭಾನುವಾರ ರೀಡಿಂಗ್ ಬರೆದಿಡಿ, ಕ್ಯಾಲೆಂಡರ್ ಮೇಲೇ ಬರೀರಿ, ಎಲ್ರೂ ನೋಡ್ಲಿ. ವಾರಕ್ಕೆ ನಲವತ್ತೈದರ ಒಳಗಿದ್ರೆ ನೆಮ್ಮದಿ.

ಭಾವ ಹೇಳಿದ ಬೇರೆ ಮೀಟರ್ ವಿಷಯಕ್ಕೆ ಬರ್ತೀನಿ. ಹೊಸ ಮೀಟರ್‌ಗೂ 200 ಫ್ರೀ ಸಿಗುತ್ತೆ ಅಂತ ಅವರು ಅಂದ್ಕೊಂಡಿದ್ರೆ ಅದು ತಪ್ಪು. ಹಿಂದಿನ ಲೆಕ್ಕ ಇಲ್ಲದ ಹೊಸ ಕನೆಕ್ಷನ್‌ಗೆ ರಾಜ್ಯದ ಸರಾಸರಿ 53 ಯೂನಿಟ್‌ಗೆ ಹತ್ತು ಪರ್ಸೆಂಟ್ ಸೇರಿಸಿ 58 ಅಂತ ಸ್ಕೀಮ್‌ನಲ್ಲೇ ಇಟ್ಟಿದ್ದಾರೆ, ಅದೂ ಬೇರೆಯವರ ಹೆಸರಲ್ಲಿರಬೇಕು, ಒಬ್ಬರಿಗೆ ಒಂದೇ ಮೀಟರ್. ಮೇಲಿಂದ ಅದಕ್ಕೆ ಡೆಪಾಸಿಟ್ಟು, ವೈರಿಂಗು. ನಿಜವಾಗ್ಲೂ ಅವರ ಸಂಸಾರ ಬೇರೆ ಅಡುಗೆಮನೆ ಮಾಡ್ಕೊಂಡು ಬೇರೆ ಬಾಗಿಲಲ್ಲಿ ಇರೋ ಹಾಗಿದ್ರೆ ಹಾಕಿಸ್ಲಿ, ತಪ್ಪಿಲ್ಲ. ಆದ್ರೆ ಒಂದೇ ಒಲೆಯ ಅನ್ನ ಉಣ್ಣೋ ಮನೆಯಲ್ಲಿ ಬಿಲ್ಲಿಗೋಸ್ಕರ ಮೀಟರ್ ಎರಡು ಮಾಡೋದು ನನಗೆ ಸರಿ ಅನ್ಸಲ್ಲ, ಮೀಟರ್ ಎರಡಾದ ಮೇಲೆ ಮಿಕ್ಕಿದ್ದೆಲ್ಲಾ ಎರಡಾಗೋಕೆ ಜಾಸ್ತಿ ದಿನ ಬೇಡ, ಎಷ್ಟೋ ಮನೆ ನೋಡಿದ್ದೀನಿ.

ಹಾಗಾದ್ರೆ ಬಿಸಿನೀರಿಗೆ ಏನು ಮಾಡೋದು? ಹಂಡೆ ಒಲೆ ವಾಪಸ್ ತನ್ನಿ ಅಂತೀನಿ ನಾನು. ಹೊಸ ಟೈಲ್ಸ್ ಒಡೆಯೋದು ಬೇಡ, ಬಚ್ಚಲಮನೆ ಹಿಂದೆ ಒಂದು ಶೀಟ್ ಇಳಿಸಿ ಹೊರಗೇ ಕಟ್ಟಿಸಿ, ಹೊಗೆ ಒಳಗೆ ಬರಲ್ಲ, ನಲ್ಲಿ ಇಟ್ರೆ ನೀರು ಹೊರೋದೂ ಬೇಡ. ನಿಮ್ಮದು ಕಾಫಿ ತೋಟ, ಸವರಿ ತೆಗೆದ ಕಾಫಿ ರೆಂಬೆ, ನೆರಳು ಮರ ಕಡಿದಾಗ ಬಿದ್ದ ಸಿಲ್ವರ್ ಓಕ್ ಕೊಂಬೆ, ತೆಂಗಿನ ಮಟ್ಟೆ ಇದೆಲ್ಲಾ ಇದ್ದೇ ಇರುತ್ತೆ, ಬೇಸಿಗೆಯಲ್ಲೇ ಒಣಗಿಸಿ ಅಟ್ಟ ಸೇರಿಸಿಟ್ರೆ ಆಯ್ತು. ಗ್ಯಾಸ್ ಗೀಸರ್ ಹಾಕಿಸ್ಬಹುದಾ ಅಂತಲೂ ಕೇಳಿದ್ದೀರಿ. ಒಂದು ಸಿಲಿಂಡರ್‌ನಲ್ಲಿ ಸುಮಾರು 140 ಯೂನಿಟ್ ಕರೆಂಟಿನಷ್ಟು ನೀರು ಕಾಯುತ್ತೆ, ಅಂದ್ರೆ ರೇಟಿನಲ್ಲಿ ಎರಡೂ ಹತ್ರ ಹತ್ರ ಒಂದೇ, 200ರ ಗೆರೆ ಒಳಗೆ ಉಳಿಯೋಕೆ ಮಾತ್ರ ಉಪಯೋಗ. ಹಾಕಿಸೋದಾದ್ರೆ ಬಚ್ಚಲಮನೆ ಒಳಗಂತೂ ಬೇಡವೇ ಬೇಡ. ಚಳಿಗೆ ಕಿಟಕಿ ಬಾಗಿಲು ಮುಚ್ಚಿಕೊಂಡು ಸ್ನಾನ ಮಾಡೋ ಊರು ನಮ್ದು, ಅದರಿಂದ ಬರೋ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆ ಇಲ್ಲ, ಬಣ್ಣ ಇಲ್ಲ, ಮನುಷ್ಯ ನಿಂತಲ್ಲೇ ಬಿದ್ದುಹೋಗ್ತಾನೆ. ಹೊರಗೋಡೆಗೆ ಹಾಕಿಸಿ.

ಸೋಲಾರ್ ವಾಟರ್ ಹೀಟರ್ ನವೆಂಬರ್‌ನಿಂದ ಮೇ ತನಕ ಚೆನ್ನಾಗಿ ಕೆಲಸ ಮಾಡುತ್ತೆ. ಮಳೆಗಾಲದಲ್ಲಿ ಅದರೊಳಗಿನ ಬ್ಯಾಕಪ್ ಕಾಯಿಲ್ ಆನ್ ಆಗಿದ್ರೆ ಅದೂ ಗೀಸರೇ, ಇನ್ನೂ ದೊಡ್ಡ ಗೀಸರ್, ಜೂನ್ ಬಂದ ತಕ್ಷಣ ಆ ಸ್ವಿಚ್ ನೋಡ್ಕೊಳಿ. ಮಾಡಿನ ಮೇಲೆ ಸೋಲಾರ್ ಪ್ಯಾನೆಲ್‌ಗೆ ಕೇಂದ್ರದ ಸೂರ್ಯಘರ್ ಯೋಜನೆಯಲ್ಲಿ ಮೂರು ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ, ಮರದ ನೆರಳು ಬೀಳದ ಮಾಡು ಇದ್ರೆ ಮಾತ್ರ ಯೋಚನೆ ಮಾಡಿ.

ಒಂದು ಮಾತು ಮನಸ್ಸಿಟ್ಟು ಹೇಳ್ತೀನಿ. ಒಲೆ ಬಂತು ಅಂದ್ರೆ ಬೆಂಕಿ ಹಾಕೋ ಕೆಲಸ ಯಾರ ತಲೆಗೆ ಬರುತ್ತೆ ಅಂತ ನನಗೂ ಗೊತ್ತು, ನಿಮಗೂ ಗೊತ್ತು. ಅದು ಆಗಬಾರದು. ಬೆಳಗ್ಗೆ ತಿಂಡಿ, ಮಕ್ಕಳು, ಆಮೇಲೆ ಆಫೀಸ್ ಕೆಲಸ ಮಾಡೋ ಹುಡುಗಿ ಮೇಲೆ ಸಂಜೆ ಸೌದೆ ಹೊರಿಸಿ ಎರಡು ಸಾವಿರ ಉಳಿಸೋದಾದ್ರೆ ಅಂಥ ಉಳಿತಾಯ ಬೇಡ. ಸಂಜೆ ತೋಟದಿಂದ ಬರೋ ಭಾವ ಬರ್ತಾ ಒಂದು ಹೊರೆ ಸೌದೆ ತಂದು ಬೆಂಕಿ ಹಾಕ್ಲಿ, ದೊಡ್ಡ ಹುಡುಗ್ರು ನೋಡ್ಕೊಳ್ಲಿ. ಇದನ್ನ ನಿಮ್ಮ ಯಜಮಾನ್ರೇ ಎದ್ದು ಹೇಳ್ಬೇಕು. ಈ ಉತ್ತರ ಅವರಿಗೂ ಓದಿಸಿ.

ಮತ್ತೆ ಅಜ್ಜಿ ಸ್ನಾನದ ನೀರು ಮಾತ್ರ ಯಾರೂ ಅಳೆಯಬೇಡಿ. ಎಂಬತ್ತು ದಾಟಿದ ಜೀವ, ಮಂಡಿ ನೋವು, ಈ ಚಳಿ. ಹಂಡೆ ಕಾಯದ ದಿನ ಅವರಿಗೆ ಗೀಸರ್ ಹಾಕಿ ಎರಡು ಬಕೆಟ್ ಬೇಕಾದ್ರೂ ಕೊಡಿ, ಅದು ಒಂದು ಯೂನಿಟ್ ಚಿಲ್ಲರೆ, ಏಳೆಂಟು ರೂಪಾಯಿ. ಅಜ್ಜಿ ಹೇಳಿದ ಮಾತು ನೀವು ಬರೆದಿದ್ರಲ್ಲ, "ಕಾವೇರಮ್ಮ ಹುಟ್ಟೋದು ನಮ್ಮಲ್ಲಿ, ಅವಳ ನೀರಲ್ಲೇ ಕರೆಂಟ್ ಮಾಡಿ ನಮಗೇ ಬಿಲ್ ಕಳಿಸ್ತಾರೆ" ಅಂತ, ಅವರು ಹೇಳೋದ್ರಲ್ಲಿ ನಿಜ ಇದೆ. 1902ರಲ್ಲಿ ಶಿವನಸಮುದ್ರದಲ್ಲಿ ಕಾವೇರಿ ನೀರಿಂದ ಕರೆಂಟ್ ತೆಗೆದು ಕೋಲಾರದ ಚಿನ್ನದ ಗಣಿಗೆ ಕಳಿಸಿದ್ರು, ತಲಕಾವೇರಿಯಿಂದ ಹರಿದ ನೀರೇ ಅದು. ಅಜ್ಜಿಗೆ ಇದನ್ನ ಹೇಳಿ, ಖುಷಿ ಪಡ್ತಾರೆ.

ಇನ್ನು ಸಣ್ಣಪುಟ್ಟದ್ದು. ವಾಷಿಂಗ್ ಮೆಷಿನ್ ಬಿಸಿನೀರಿನ ಸೆಟ್ಟಿಂಗ್‌ನಲ್ಲಿದ್ಯಾ ನೋಡಿ, ಇದ್ರೆ ತಣ್ಣೀರಿಗೆ ಹಾಕಿ. ಒದ್ದೆ ಬಟ್ಟೆಗೆ ರೂಮ್ ಹೀಟರ್ ಇಡ್ತಿದ್ದೀವಿ ಅಂತ ಬರೆದಿದ್ದೀರಿ, ಅದನ್ನ ಇವತ್ತೇ ನಿಲ್ಲಿಸಿ, 2000 ವ್ಯಾಟ್‌ನದ್ದು ಅರ್ಧ ಗಂಟೆಗೆ ಒಂದು ಯೂನಿಟ್ ತಿನ್ನುತ್ತೆ, ಹೊಸ ಒಲೆ ಶೀಟಿನ ಕೆಳಗೆ ಕಿಡಿ ತಾಗದಷ್ಟು ದೂರಕ್ಕೆ ಹಗ್ಗ ಕಟ್ಟಿದ್ರೆ ಮಕ್ಕಳ ಯೂನಿಫಾರ್ಮ್ ರಾತ್ರಿ ಕಳೆಯೋದ್ರಲ್ಲಿ ಒಣಗುತ್ತೆ. ಇನ್ವರ್ಟರ್ ಬ್ಯಾಟರಿ ಎಷ್ಟು ವರ್ಷದ್ದು? ಮುಟ್ಟಿ ನೋಡಿ, ಕರೆಂಟ್ ಇದ್ದಾಗಲೂ ಇಡೀ ದಿನ ಬಿಸಿ ಇದ್ರೆ ಅದು ಚಾರ್ಜ್ ಹಿಡಿಯದೆ ಸುಮ್ನೆ ಎಳೀತಾ ಇದೆ. ನಮ್ಮಲ್ಲಿ ಜುಲೈಯಲ್ಲಿ ದಿನಕ್ಕೆರಡು ಸಲ ಕರೆಂಟ್ ಹೋಗುತ್ತೆ, 150 ಎಎಚ್ ಬ್ಯಾಟರಿ ಪೂರ್ತಿ ಖಾಲಿ ಆಗಿ ತುಂಬೋಕೆ ಎರಡು ಯೂನಿಟ್ ಮೇಲೆ ಬೇಕು. ಫ್ರಿಜ್ ಬಾಗಿಲಿನ ರಬ್ಬರಿಗೆ ಹತ್ತು ರೂಪಾಯಿ ನೋಟು ಸಿಕ್ಕಿಸಿ ಎಳೀರಿ, ಸಲೀಸಾಗಿ ಬಂದ್ರೆ ರಬ್ಬರ್ ಬದಲಿಸಿ. ಗ್ರೈಂಡರು, ಮಿಕ್ಸಿ ಬಗ್ಗೆ ತಲೆ ಕೆಡಿಸ್ಕೋಬೇಡಿ, ಅದೆಲ್ಲಾ ತಿಂಗಳಿಗೆ ನಾಲ್ಕೈದು ಯೂನಿಟ್.

ಬಿಲ್ಲಲ್ಲಿ ಹಿಂದಿನ ರೀಡಿಂಗ್, ಈಗಿನ ರೀಡಿಂಗ್ ಎರಡನ್ನೂ ಮೀಟರ್ ಜೊತೆ ತಾಳೆ ಹಾಕಿ. ತಪ್ಪಿದ್ರೆ 1912ಕ್ಕೆ ಫೋನ್ ಮಾಡಿ, ಬಿಲ್ಲಿನ ಮೇಲಿರೋ ಆರ್‌ಆರ್ ನಂಬರ್ ಕೈಯಲ್ಲಿರಲಿ, ಕಂಪ್ಲೇಂಟ್ ನಂಬರ್ ಬರೆದಿಟ್ಕೊಳಿ.

ಆಗಸ್ಟ್ ಬಿಲ್ ಅಷ್ಟರೊಳಗೆ ಒಲೆ ಆಗಲ್ಲ ಅನ್ಸುತ್ತೆ, ಆ ತಿಂಗಳೂ 200 ದಾಟಬಹುದು, ಅದಕ್ಕೆ ಮನೆಯಲ್ಲಿ ಈಗ್ಲೇ ಹೇಳಿಟ್ಟಿರಿ. ಸೆಪ್ಟೆಂಬರ್ ಶುರುವಿನ ಕೈಲ್‌ಪೊಳ್ದ್ ಹಬ್ಬಕ್ಕೆ ನೆಂಟರು ಬರೋಷ್ಟರಲ್ಲಿ ಹಂಡೆ ಕೂತಿರಲಿ. ಸೆಪ್ಟೆಂಬರ್ ರೀಡಿಂಗ್ ನನಗೆ ಬರೆದು ಕಳಿಸಿ, ಕಾಯ್ತಿರ್ತೀನಿ.