ಮಾತು ಹೊಂದುವವರನ್ನು ಹುಡುಕಬೇಡಿ, ಪಕ್ಕದ ಮನೆಗೆ ಹೋಗಿ

ಬೆಂಗಳೂರು ಬಿಟ್ಟು ಕೊಡಗಿನ ಸೋಮವಾರಪೇಟೆ ಕಡೆ ತೋಟದ ಮನೆ ಸೇರಿದ್ದೀರಿ, ಊರವರ ಜೊತೆ ಮಾತು ಹೊಂದುವುದಿಲ್ಲ, ಫೋನಿನಲ್ಲಿ ಸ್ನೇಹಿತರಿದ್ದರೆ ಸಾಲದೇ ಅಂತ ಕೇಳಿದ್ದೀರಿ. ಸಾಲದು. ನಾನೂ ಹೀಗೇ ಇದ್ದವನು.

ಮಾದಾಪುರದ ಆಚೆ ನಮ್ಮ ತೋಟ. ಅಪ್ಪ ಹೋದ ಮೇಲೆ ನೋಡಿಕೊಳ್ಳಲು ಬಂದೆ. ಮದುವೆಗೆ ಕರೆದರೆ ತೋಟದ ಲೆಕ್ಕ ಬರೆಯುವ ರೈಟರ್ ಕೈಲಿ ಮುಯ್ಯಿ ಕಳಿಸುತ್ತಿದ್ದೆ. ಕೆಳಗಿನ ಮನೆಯ ಅಜ್ಜಿ ತೀರಿಕೊಂಡಾಗ ಫೋನ್ ಮಾಡಿ ಜೀಪು ಬೇಕಾ ಅಂತ ಕೇಳಿದೆ, ಕೊಟ್ಟೂ ಕೊಟ್ಟೆ. ನಾನು ಮಾತ್ರ ಹೋಗಲಿಲ್ಲ. ಸಹಾಯ ಮಾಡಿದೆನಲ್ಲ ಅಂದುಕೊಂಡೆ. ನಾನು ಕೆಟ್ಟದ್ದು ಅಲ್ಲೇ. ಸಾವಿನ ಮನೆಗೆ ಜೀಪು ಯಾರಾದರೂ ಕೊಡುತ್ತಾರೆ. ಅಂಗಳದಲ್ಲಿ ಸುಮ್ಮನೆ ಬಂದು ಕೂರಬೇಕಿತ್ತು. ಹಾಗೆ ಕೂತಾಗಲೇ ಯಾರ ಮಗ ಎಲ್ಲಿದ್ದಾನೆ, ಯಾರಿಗೆ ಮೊಣಕಾಲು ನೋವು, ಯಾವ ಮನೆಯಲ್ಲಿ ಈಗ ಯಾರಿದ್ದಾರೆ ಅನ್ನುವುದೆಲ್ಲ ಬಾಯಿಂದ ಬಾಯಿಗೆ ಹೋಗುವುದು. ಆ ಲೆಕ್ಕದಲ್ಲಿ ನಾನು ಇರಲೇ ಇಲ್ಲ.

2018ರ ಆಗಸ್ಟ್. ಮಕ್ಕಂದೂರು, ಜೋಡುಪಾಲ, ಹಟ್ಟಿಹೊಳೆ ಕಡೆಯೆಲ್ಲ ಗುಡ್ಡ ಕುಸಿದ ಸಮಯ. ಕರೆಂಟಿಲ್ಲ, ಟವರಿಲ್ಲ. ತೋಡಿನ ನೀರು ಕೆಸರಾಗಿದ್ದು ನೋಡಿ ಊರವರು ಮನೆಮನೆಗೆ ಕೂಗಿಕೊಂಡು ರಾತ್ರಿಯೇ ಹೊರಟರು. ನನ್ನ ಗೇಟಿಗೆ ಯಾರೂ ಬರಲಿಲ್ಲ. ದ್ವೇಷವೇನಿಲ್ಲ, ನಾನು ಬೆಂಗಳೂರಲ್ಲಿದ್ದೇನೆ ಅಂದುಕೊಂಡಿದ್ದರು. ಬೆಳಿಗ್ಗೆ ನೋಡಿದರೆ ರಸ್ತೆಯಿಲ್ಲ, ಕಾಫಿ ಗಿಡಗಳು ನಿಂತ ಹಾಗೇ ಕೆಳಗೆ ಜಾರಿದ್ದವು. ಒಬ್ಬನೇ ಗುಡ್ಡ ಹತ್ತುವಾಗ ಬಿದ್ದು ಮುರಿದ ಕಾಲು ಇನ್ನೂ ನೆಟ್ಟಗಾಗಿಲ್ಲ. ಪರಿಹಾರ ಕೇಂದ್ರದಲ್ಲಿ ಆ ಅಜ್ಜಿಯ ಮಗ ನನ್ನನ್ನು ನೋಡಿ, “ಅಯ್ಯೋ, ನೀವು ಮನೇಲೇ ಇದ್ರಾ ಮಾರಾಯ್ರೇ?” ಅಂತ ಅತ್ತುಬಿಟ್ಟ.

ಮಾತು ಹೊಂದುವವರೇ ಬೇಕು ಅನ್ನುವ ನಿಮ್ಮ ಹಟವೇ ಸರಿಯಿಲ್ಲ. ಪಾಂಡಂಡ ಕುಟ್ಟಪ್ಪನವರು 1997ರಲ್ಲಿ ಕೊಡಗಿನ ಕರಡ ಗ್ರಾಮದಲ್ಲಿ ಕೊಡವ ಮನೆತನಗಳ ಹಾಕಿ ಪಂದ್ಯ ಶುರು ಮಾಡಿದ್ದು ಬರೀ ಆಟಕ್ಕಲ್ಲ, ಅಲ್ಲಲ್ಲಿ ಚದುರಿದ ಕುಟುಂಬಗಳು ಒಂದೆಡೆ ಸೇರಲಿ ಅಂತ. ಅಲ್ಲಿ ಒಂದೇ ಟೀಮಿನಲ್ಲಿ ತಲೆ ನೆರೆತವರೂ ಆಡುತ್ತಾರೆ, ಶಾಲೆಗೆ ಹೋಗುವ ಹುಡುಗಿಯರೂ ಆಡುತ್ತಾರೆ. ಅವರ ಅಭಿರುಚಿಯೆಲ್ಲ ಒಂದೇನಾ? ಒಂದು ಮನೆಯವರು, ಅದಕ್ಕೆ ಬಂದರು.

ಸಾವಿನ ಮನೆಗೆ ಕರೆಯದಿದ್ದರೂ ಹೋಗಿ. ಮದುವೆಗೆ ದುಡ್ಡು ಕಳಿಸಿ ಕೈತೊಳೆದುಕೊಳ್ಳಬೇಡಿ, ಹೋಗಿ ಬಡಿಸಲು ನಿಲ್ಲಿ. ಬೆಂಗಳೂರಿಗೆ ಹೊರಟಾಗ ಪಕ್ಕದ ಮನೆಯಲ್ಲಿ ಹೇಳಿ ಹೊರಡಿ, ವಾಪಸ್ ಬಂದಾಗಲೂ ಹೇಳಿ. ಮಳೆಗಾಲಕ್ಕೆ ಮೊದಲೇ ಶುರು ಮಾಡಿ.