ಮೂರು ದಾರಿ, ಐವತ್ತು ಜನ

ಪ್ರಶ್ನೆ: ಮೇಡಂ, ನಾವಿಬ್ಬರೂ ಮೈಸೂರಿನಲ್ಲಿ ಕೆಲಸದಲ್ಲಿದ್ದೇವೆ. ಜಾತಿ ಬೇರೆ ಬೇರೆ, ಆದರೂ ಎರಡೂ ಮನೆಯವರು ಒಪ್ಪಿದ್ದಾರೆ. ಜಗಳ ಇರುವುದು ಮದುವೆ ಹೇಗೆ ಅನ್ನೋದರಲ್ಲಿ. ಅಪ್ಪ ಸಾಲ ಮಾಡಿಯಾದರೂ ಛತ್ರದಲ್ಲೇ ಮಾಡ್ತೀನಿ ಅಂತಾರೆ. ನಮಗೆ ಐವತ್ತು ಜನ ಸಾಕು. ಹುಡುಗ ಮಂತ್ರ ಮಾಂಗಲ್ಯ ಅಂತಾನೆ, ನಾನು ರಿಜಿಸ್ಟರ್ ಮದುವೆ ಅಂತೀನಿ, ಅಮ್ಮ ದೇವಸ್ಥಾನದಲ್ಲಿ ಧಾರೆಯಾದರೂ ಆಗಲಿ ಅಂತಾರೆ. ಯಾವುದು ಒಳ್ಳೆಯದು?

ಉತ್ತರ: ಮೂರೂ ಒಳ್ಳೆಯದೇ. ಆದರೆ ಕಾನೂನಿನ ಕಣ್ಣಿಗೆ ಮೂರೂ ಒಂದೇ ಅಲ್ಲ. ಅದನ್ನು ತಿಳಿದುಕೊಂಡು ಆಮೇಲೆ ಜಗಳ ಆಡಿ.

ನೀವು ಹೇಳುವುದು 1954ರ ವಿಶೇಷ ವಿವಾಹ ಕಾಯ್ದೆಯ ಮದುವೆ. ಬೆಳಿಗ್ಗೆ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ ಮಧ್ಯಾಹ್ನ ಗಂಡ ಹೆಂಡತಿಯಾಗಿ ಬರುವ ಹಾಗಿಲ್ಲ. ನಿಮ್ಮಿಬ್ಬರಲ್ಲಿ ಒಬ್ಬರಾದರೂ ಆ ಜಿಲ್ಲೆಯಲ್ಲಿ ಕನಿಷ್ಠ 30 ದಿನದಿಂದ ಇರಬೇಕು, ಅದು ನಿಮಗೆ ತೊಂದರೆಯಿಲ್ಲ. ನೋಟಿಸ್ ಕೊಟ್ಟ ಮೇಲೆ ಅದನ್ನು ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಹಾಗೆ ಅಂಟಿಸುತ್ತಾರೆ, ಯಾರದಾದರೂ ಆಕ್ಷೇಪ ಇದೆಯಾ ಅಂತ 30 ದಿನ ಕಾಯುತ್ತಾರೆ. ಹಾಗಂತ ಸುಮ್ನೆ ಎಳೆಯಬೇಡಿ, ನೋಟಿಸ್ ಕೊಟ್ಟು 3 ತಿಂಗಳೊಳಗೆ ಮದುವೆ ಆಗದಿದ್ದರೆ ಮತ್ತೆ ಮೊದಲಿಂದ ಶುರು. ಮದುವೆ ದಿನ ಮೂವರು ಸಾಕ್ಷಿ ಬೇಕು. ಬರೀ ಸಹಿ ಹಾಕುವುದು ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಅಲ್ಲ. ಅಧಿಕಾರಿ ಮತ್ತು ಸಾಕ್ಷಿಗಳ ಎದುರು 'ಇವರನ್ನು ನನ್ನ ಕಾನೂನುಬದ್ಧ ಪತಿಯಾಗಿ ಸ್ವೀಕರಿಸುತ್ತೇನೆ' ಅಂತ ಬಾಯಿಬಿಟ್ಟು ಹೇಳಬೇಕು. ನಿಮಗೆ ಅರ್ಥವಾಗುವ ಭಾಷೆಯಲ್ಲಿ ಹೇಳಿದರಾಯಿತು, ಕನ್ನಡವೇ ಸಾಕು. ಫೈಲು, ಸ್ಟಾಂಪ್ ಪ್ಯಾಡಿನ ಮಧ್ಯೆ ನಿಂತು ಆ ಮಾತು ಹೇಳುವಾಗಲೂ ಗಂಟಲು ಕಟ್ಟುತ್ತದೆ, ನೋಡಿ ಬೇಕಾದರೆ.

ಅಮ್ಮ ಹೇಳುವ ದಾರಿ 1955ರ ಹಿಂದೂ ವಿವಾಹ ಕಾಯ್ದೆಯದು. ನೀವಿಬ್ಬರೂ ಹಿಂದೂಗಳಾದರೆ ಜಾತಿ ಬೇರೆ ಅನ್ನುವುದು ಇದಕ್ಕೆ ಅಡ್ಡಿಯಲ್ಲ, ಇಬ್ಬರಲ್ಲಿ ಯಾರ ಮನೆಯ ಪದ್ಧತಿಯಲ್ಲಾದರೂ ಮಾಡಬಹುದು. ನೋಟಿಸ್ ಗೋಜಿಲ್ಲ, ಶಾಸ್ತ್ರ ಮುಗಿಸಿ ಆಮೇಲೆ ನೋಂದಣಿ. ಆದರೆ ಇಲ್ಲಿ ಶಾಸ್ತ್ರವೇ ಮದುವೆ, ಸರ್ಟಿಫಿಕೇಟ್ ಅದಕ್ಕೆ ಸಾಕ್ಷಿ ಮಾತ್ರ. ಶಾಸ್ತ್ರವೇ ನಡೆಯದೆ ಬರೀ ಸರ್ಟಿಫಿಕೇಟ್ ಇದ್ದರೆ ಅದು ಹಿಂದೂ ಮದುವೆ ಆಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2024ರಲ್ಲಿ ಖಡಾಖಂಡಿತವಾಗಿ ಹೇಳಿದೆ. ಹಾರ ಬದಲಿಸಿ ಒಂದು ಫೋಟೊ ಕೊಡಿ, ಮಿಕ್ಕಿದ್ದು ನಾನು ನೋಡ್ಕೋತೀನಿ ಅನ್ನುವ ದಲ್ಲಾಳಿ ಸಿಕ್ಕರೆ ದೂರ ಇರಿ.

ಇನ್ನು ಮಂತ್ರ ಮಾಂಗಲ್ಯ. ಕುವೆಂಪು 1966ರಲ್ಲಿ ಮಗ ತೇಜಸ್ವಿಯ ಮದುವೆಗೆ ತಂದ ಪದ್ಧತಿ. ಪುರೋಹಿತರಿಲ್ಲ, ಮುಹೂರ್ತವಿಲ್ಲ, ವರದಕ್ಷಿಣೆಯ ಮಾತೇ ಇಲ್ಲ. ಹಿರಿಯರೊಬ್ಬರು ಓದುತ್ತಾರೆ, ಜೋಡಿ ಪ್ರಮಾಣ ಮಾಡುತ್ತದೆ. ನನಗೆ ತುಂಬಾ ಇಷ್ಟ. (ಈಗ ಸ್ಟೇಜ್ ಮೇಲೆ ಮಂತ್ರ ಮಾಂಗಲ್ಯ, ಕೆಳಗೆ ಸಾವಿರ ಎಲೆ ಊಟ ಅನ್ನುವವರೂ ಇದ್ದಾರೆ, ಏನು ಹೇಳೋದು!) ಆದರೆ ತಮಿಳುನಾಡಿನಲ್ಲಿ ಪುರೋಹಿತರಿಲ್ಲದ ಸ್ವಾಭಿಮಾನ ಮದುವೆಗೆ 1967ರಲ್ಲೇ ಕಾಯ್ದೆ ತಿದ್ದಿ ಮಾನ್ಯತೆ ಕೊಟ್ಟರಲ್ಲ, ಅಂಥ ತಿದ್ದುಪಡಿ ನಮ್ಮಲ್ಲಿಲ್ಲ. ಹಾಗಾಗಿ ಮಂತ್ರ ಮಾಂಗಲ್ಯ ಆಗುವವರು ವಿಶೇಷ ವಿವಾಹ ಕಾಯ್ದೆಯ ಮದುವೆಯನ್ನೂ ಜೊತೆಗೇ ಮಾಡಿಕೊಂಡರೆ ತಲೆನೋವಿಲ್ಲ. ಅಂದರೆ ನಿಮ್ಮದೂ ಹುಡುಗನದೂ ಎರಡು ದಾರಿಯೇ ಅಲ್ಲ. ಬೆಳಿಗ್ಗೆ ಆಫೀಸು, ಆಮೇಲೆ ಮನೆಯಂಗಳ.

ಉಳಿದದ್ದು ಅಮ್ಮ. ಮಂತ್ರ ಮಾಂಗಲ್ಯದಲ್ಲಿ ಕನ್ಯಾದಾನಕ್ಕೆ ಜಾಗವಿಲ್ಲ, ಅದರ ಹೆಸರಿಟ್ಟುಕೊಂಡು ಮಧ್ಯದಲ್ಲಿ ಧಾರೆ ತುರುಕಬೇಡಿ. ಅಮ್ಮನ ಹತ್ತಿರ ಒಬ್ಬರೇ ಕೂತು ಕೇಳಿ, ಧಾರೆಯೇ ಬೇಕಾ, ಮಗಳ ಮದುವೆಯಲ್ಲಿ ತಾನೂ ಒಂದು ಕೆಲಸ ಮಾಡಬೇಕು ಅಂತಲಾ? ಎರಡನೆಯದಾದರೆ ತಾಳಿ ಅಮ್ಮನ ಕೈಯಿಂದಲೇ ಹುಡುಗನಿಗೆ ಹೋಗಲಿ. ಧಾರೆಯೇ ಬೇಕು ಅಂದರೆ ನನ್ನ ಓಟು ದೇವಸ್ಥಾನಕ್ಕೆ, ಹುಡುಗ ಸ್ವಲ್ಪ ಬಿಟ್ಟುಕೊಡಲಿ. ಧಾರೆ ಎರೆಯಲು ಖರ್ಚಾಗುವುದು ಒಂದು ತಂಬಿಗೆ ನೀರು, ಅದರಿಂದ ಯಾರೂ ಸಾಲಗಾರರಾಗುವುದಿಲ್ಲ. ಸಾಲ ಆಗುವುದು ಛತ್ರ ಮತ್ತು ಊಟದ ಪಂಕ್ತಿಗಳಿಂದ.

ಅಪ್ಪನಿಗೂ ಛತ್ರದ ಮೇಲೇನು ಪ್ರೀತಿ ಇರುವುದಿಲ್ಲ. 'ನಮ್ಮನ್ನ ಕರೀಲಿಲ್ಲ' ಅನ್ನುವ ಮಾತಿನ ಭಯ, ಅಷ್ಟೇ. ಐವತ್ತರಲ್ಲಿ ಇಪ್ಪತ್ತು ಹೆಸರು ಅವರೇ ಬರೆಯಲಿ, ನೀವು ಒಂದನ್ನೂ ಹೊಡೆದು ಹಾಕಬೇಡಿ. ಮಿಕ್ಕ ನೆಂಟರಿಗೆ ಮದುವೆಗೆ ಮುಂಚೆಯೇ ಅಪ್ಪನಿಂದ ಫೋನ್ ಹೋಗಲಿ. ಆಮೇಲೆ ಗೊತ್ತಾದರೆ ಸಿಟ್ಟು ಜಾಸ್ತಿ.

ಪ್ರಶ್ನೆ: ನಮ್ಮದು ಮಂತ್ರ ಮಾಂಗಲ್ಯ ಆಗಿ ನಾಲ್ಕು ವರ್ಷ. ಮಗುವಿದೆ. ಎಲ್ಲೂ ನೋಂದಣಿ ಮಾಡಿಸಿಲ್ಲ. ಈಗ ಮತ್ತೆ ಮದುವೆ ಆಗಬೇಕಾ ಅಕ್ಕಾ?

ಉತ್ತರ: ಬೇಡ. ಬೇರೆ ರೀತಿಯಲ್ಲಿ ಮದುವೆಯಾಗಿ ಅಂದಿನಿಂದ ಒಟ್ಟಿಗೆ ಸಂಸಾರ ಮಾಡುತ್ತಿರುವವರು ಅದೇ ವಿಶೇಷ ವಿವಾಹ ಕಾಯ್ದೆಯ 15ನೇ ಸೆಕ್ಷನ್ ಅಡಿ ನೋಂದಣಿ ಮಾಡಿಸಬಹುದು. ಇಬ್ಬರಿಗೂ 21 ತುಂಬಿರಬೇಕು, ಆ ಜಿಲ್ಲೆಯಲ್ಲಿ 30 ದಿನದಿಂದ ಇರಬೇಕು. ಇಲ್ಲೂ 30 ದಿನದ ನೋಟಿಸ್, ಮೂವರು ಸಾಕ್ಷಿ. ಮಗುವಿನ ಬಗ್ಗೆ ಚಿಂತೆ ಬೇಡ, ನೋಂದಣಿಗೆ ಮುಂಚೆ ಹುಟ್ಟಿದ ಮಕ್ಕಳನ್ನೂ ಈ ಕಾಯ್ದೆ ನಿಮ್ಮ ಕಾನೂನುಬದ್ಧ ಮಕ್ಕಳೆಂದೇ ಒಪ್ಪುತ್ತದೆ. ಮದುವೆಯ ಕರೆಯೋಲೆ, ಪ್ರಮಾಣ ಓದಿಸಿದ ಹಿರಿಯರ ಜೊತೆಗಿನ ಫೋಟೊ ಇದ್ದರೆ ಹುಡುಕಿ ಇಟ್ಟುಕೊಂಡೇ ಆಫೀಸಿಗೆ ಹೋಗಿ.