ಸೌಂದ್ ಮತ್ತು ಏಳು ವರ್ಷದ ಲೆಕ್ಕ

ಪ್ರಶ್ನೆ: ಪಂಜಾಬಿನಿಂದ ಹೋಗಿ ಕ್ಯಾಲಿಫೋರ್ನಿಯಾದಲ್ಲಿ ಬೇಸಾಯ ಮಾಡಿದ ದಲೀಪ್ ಸಿಂಗ್ ಸೌಂದ್ 1956ರಲ್ಲಿ ಅಮೆರಿಕದ ಸಂಸತ್ತಾದ ಕಾಂಗ್ರೆಸ್‌ನ ಕೆಳಮನೆಗೆ ಗೆದ್ದರು. ಪೌರತ್ವ ಸಿಕ್ಕಿದ್ದು 1949ರ ಡಿಸೆಂಬರ್‌ನಲ್ಲಿ. ಸ್ಪರ್ಧಿಸಲು ಪೌರರಾಗಿ ಏಳು ವರ್ಷ ತುಂಬಿರಬೇಕಲ್ಲವೆ? ಪೌರತ್ವವಿಲ್ಲದೆ ಅಷ್ಟು ಕಾಲ ಜಮೀನು ಹೇಗೆ ಮಾಡಿದರು?

ಉತ್ತರ: ಜಮೀನಿನ ವಿಷಯ ಮೊದಲು. ಸೌಂದ್ 1924ರಲ್ಲಿ ಬರ್ಕ್‌ಲಿಯಲ್ಲಿ ಗಣಿತದ ಡಾಕ್ಟರೇಟ್ ಪಡೆದವರು. ಮರುವರ್ಷ ಇಂಪೀರಿಯಲ್ ಕಣಿವೆಯಲ್ಲಿ ಹತ್ತಿ ಬಿಡಿಸುವವರ ಮೇಸ್ತ್ರಿಯಾದರು, ಆಮೇಲೆ ಲೆಟ್ಯೂಸ್ ಎಂಬ ಎಲೆ ತರಕಾರಿ ಬೆಳೆದರು. ಆ ಕಣಿವೆ ಸಮುದ್ರಮಟ್ಟಕ್ಕಿಂತ ಕೆಳಗಿರುವ ಮರುಭೂಮಿ. ಕೊಲರಾಡೊ ನದಿಯ ಕಾಲುವೆ ನೀರೇ ಗತಿ. ಪೌರತ್ವಕ್ಕೆ ಅನರ್ಹರಾದ ವಿದೇಶಿಯರು ಜಮೀನು ಕೊಳ್ಳುವಂತಿಲ್ಲ ಎಂದು ಕ್ಯಾಲಿಫೋರ್ನಿಯಾ 1913ರಲ್ಲೇ ಕಾನೂನು ಮಾಡಿತ್ತು. 1920ರಲ್ಲಿ ಗೇಣಿಯನ್ನೂ ನಿಷೇಧಿಸಿತು. ಭಾರತೀಯರು ಆ ಪಟ್ಟಿಗೆ ಖಚಿತವಾಗಿ ಸೇರಿದ್ದು 1923ರ ಥಿಂದ್ ತೀರ್ಪಿನಿಂದ; ಭಾರತೀಯರು ಬಿಳಿಯರಲ್ಲ, ಪೌರತ್ವಕ್ಕೆ ಅರ್ಹರಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ ಅದರಲ್ಲಿ ಹೇಳಿತು. ಹೀಗಾಗಿ ಕಣಿವೆಯ ಪಂಜಾಬಿಗಳು ಪರಿಚಯದ ಅಮೆರಿಕನ್ನರ ಹೆಸರಿನಲ್ಲೋ ಅಲ್ಲೇ ಹುಟ್ಟಿದ ಮಕ್ಕಳ ಹೆಸರಿನಲ್ಲೋ ಕಾಗದಪತ್ರ ಇಟ್ಟುಕೊಂಡು ಉಳುತ್ತಿದ್ದರು. ಹೆಸರು ಕೊಟ್ಟವರು ಕೈಕೊಟ್ಟರೆ ಕೋರ್ಟಿಗೆ ಹೋಗುವುದೂ ಕಷ್ಟ, ಒಪ್ಪಂದವೇ ಕಾನೂನುಬಾಹಿರ! ಹೆಂಡತಿಯ ಹೆಸರೂ ಆಸರೆಯಾಗುತ್ತಿರಲಿಲ್ಲ: ಪೌರತ್ವಕ್ಕೆ ಅನರ್ಹನಾದವನನ್ನು ಮದುವೆಯಾದ ಅಮೆರಿಕನ್ ಹೆಣ್ಣು 1931ರವರೆಗೆ ತನ್ನ ಪೌರತ್ವವನ್ನೇ ಕಳೆದುಕೊಳ್ಳುತ್ತಿದ್ದಳು.

ಲೆಟ್ಯೂಸ್ ಜೂಜಿನ ಬೆಳೆ. ಗಡ್ಡೆ ಕಟ್ಟಿದ ಮೇಲೆ ಕೊಯ್ಲು ತಡವಾದರೆ, ಬಿಸಿಲೇರಿದರೆ, ಹೂದಂಟು ಎದ್ದು ಎಲೆ ಕಹಿಯಾಗುತ್ತದೆ. ದರ ಬಿದ್ದಾಗ ಕೊಯ್ದು ಪೆಟ್ಟಿಗೆ ತುಂಬುವ ಕೂಲಿಯೂ ಹುಟ್ಟುವುದಿಲ್ಲ. ಆರ್ಥಿಕ ಮುಗ್ಗಟ್ಟಿನಲ್ಲಿ ಸೌಂದ್ ಸಾಲದಲ್ಲಿ ಮುಳುಗಿದರು. ದಿವಾಳಿ ಘೋಷಿಸದೆ ವರ್ಷಗಟ್ಟಲೆ ದುಡಿದು ತೀರಿಸಿದರು.

1946ರ ಜುಲೈ 2ರಂದು ಲೂಸ್-ಸೆಲ್ಲರ್ ಕಾಯ್ದೆಗೆ ಸಹಿ ಬಿದ್ದು ಭಾರತೀಯರಿಗೆ ಪೌರತ್ವದ ಬಾಗಿಲು ತೆರೆಯಿತು. ಸೌಂದ್ ಪೌರರಾದದ್ದು 1949ರ ಡಿಸೆಂಬರ್ 16ರಂದು. 1950ರ ನವೆಂಬರ್‌ನಲ್ಲಿ ಕಣಿವೆಯ ವೆಸ್ಟ್‌ಮೋರ್ಲೆಂಡ್ ಊರಿನ ಸ್ಥಳೀಯ ನ್ಯಾಯಾಧೀಶರ ಚುನಾವಣೆ ಗೆದ್ದರೂ ಪೌರತ್ವಕ್ಕೆ ಒಂದು ವರ್ಷ ತುಂಬಿಲ್ಲವೆಂದು ಹುದ್ದೆ ಕೊಡಲಿಲ್ಲ. 1952ರಲ್ಲಿ ಮತ್ತೆ ನಿಂತು ಗೆದ್ದರು.

1956ರ ನವೆಂಬರ್ 6ರಂದೂ ಅದೇ ಕೊರತೆ, ಏಳು ವರ್ಷಕ್ಕೆ ಇನ್ನೂ 40 ದಿನ ಬಾಕಿ. ಆದರೆ ಸಂವಿಧಾನದ ಈ ಅರ್ಹತೆಯನ್ನು ಕಾಂಗ್ರೆಸ್ ಲೆಕ್ಕ ಹಾಕುವುದು ಸದಸ್ಯರು ಸ್ಥಾನ ವಹಿಸಿಕೊಳ್ಳುವ ದಿನಕ್ಕೆ, ಮತದಾನದ ದಿನಕ್ಕಲ್ಲ. 1957ರ ಜನವರಿ 3ಕ್ಕೆ ಏಳು ವರ್ಷದ ಮೇಲೆ 18 ದಿನವಾಗಿತ್ತು. ಸೋತವರು ಹೆಸರಾಂತ ವಿಮಾನ ಚಾಲಕಿ ಜಾಕ್ವೆಲಿನ್ ಕಾಕ್ರನ್. ಸೌಂದ್ ಮೂರು ಅವಧಿ ಸದಸ್ಯರಾಗಿದ್ದರು. 1962ರಲ್ಲಿ ಪಾರ್ಶ್ವವಾಯು ಹೊಡೆದ ಮೇಲೆ ಪ್ರಚಾರಕ್ಕೆ ಹೋಗಲಾಗದೆ ಆ ವರ್ಷದ ಚುನಾವಣೆ ಸೋತರು.